ನ್ಯೂಟ್ರಿನೊ ವೇಷ ಬದಲಿಸುವುದೇಕೆ? ಕೋಲಾರದ ಗಣಿಯಲ್ಲಿ ಶುರುವಾದ ಲೆಕ್ಕ ಇನ್ನೂ ಮುಗಿದಿಲ್ಲ

"ಗುಡ್ಡ ಕೊರೀತಾರಂತೆ" ಅನ್ನೋ ಸುದ್ದಿ ಕೇಳಿದರೆ ನಮ್ಮ ಕಡೆ ಯಾರಿಗೂ ವಿಜ್ಞಾನ ನೆನಪಾಗಲ್ಲ. ಅದಿರು ನೆನಪಾಗುತ್ತೆ, ಲೀಸು ನೆನಪಾಗುತ್ತೆ, ಲಾರಿಗಳ ಸಾಲು, ಕೆಂಪು ಧೂಳು ನೆನಪಾಗುತ್ತೆ. ಹೊಸಪೇಟೆ–ಬಳ್ಳಾರಿ ರೈಲು ಮಾರ್ಗದಲ್ಲಿರುವ ಪಾಪಿನಾಯಕನಹಳ್ಳಿ ನಮ್ಮೂರು. ಜನರ ಬಾಯಲ್ಲಿ ಅದು ಪಿ.ಕೆ. ಹಳ್ಳಿ. ಒಂದು ದಿಕ್ಕಿಗೆ ಸಂಡೂರಿನ ಗುಡ್ಡಸಾಲು, ಇನ್ನೊಂದು ದಿಕ್ಕಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. 2011ರಲ್ಲಿ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲಂತೂ 'ಪರ್ಮಿಟ್ಟು', 'ಓವರ್‌ಲೋಡು' ಅನ್ನೋ ಮಾತುಗಳು ಇಲ್ಲಿ ಚಹಾ ಅಂಗಡಿಯ ಭಾಷೆಯೇ ಆಗಿಬಿಟ್ಟವು.

ಇಂಥ ಕಡೆ ಬೆಳೆದ ನನಗೆ ತಮಿಳುನಾಡಿನ ತೇಣಿ ಜಿಲ್ಲೆಯ ಪೊಟ್ಟಿಪುರಂ ಜನರ ಭಯ ಅರ್ಥವಾಗುತ್ತೆ. ಅಲ್ಲಿನ ಬೆಟ್ಟದೊಳಗೆ ಸುಮಾರು ಎರಡು ಕಿಲೋಮೀಟರ್ ಸುರಂಗ ಕೊರೆದು, 50,000 ಟನ್ ಕಬ್ಬಿಣ ಇಟ್ಟು, 'ನ್ಯೂಟ್ರಿನೊ' ಅನ್ನೋ ಕಣವನ್ನು ಗಮನಿಸುವ ಪ್ರಯೋಗಾಲಯ ಕಟ್ಟಬೇಕು ಅನ್ನೋದು ಯೋಜನೆ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಯ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ನಡೆದದ್ದು ಪ್ರತಿಭಟನೆ, ಕೋರ್ಟು, ಹಸಿರು ನ್ಯಾಯಮಂಡಳಿ, ಮತ್ತೆ ಕೋರ್ಟು.

ಈ ಜಗಳದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಈ ಕಣ ಅಪಾಯಕಾರಿಯೇ ಅನ್ನೋದು ಒಂದು. ಈ ಅಗೆತ ಅಪಾಯಕಾರಿಯೇ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ವಿಜ್ಞಾನದಲ್ಲಿ ಸ್ಪಷ್ಟ ಉತ್ತರ ಇದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಮೊದಲನೆಯದರ ಉತ್ತರವನ್ನೇ ತೋರಿಸಿ ಜಾರಿಕೊಳ್ಳುವ ಹಾಗಿಲ್ಲ. ಎರಡನ್ನೂ ಬಿಡಿಸಿ ನೋಡಬೇಕಾದರೆ, ಆ ಕಣ ಏನು, ಅದು ಮಾಡುವ ಚಮತ್ಕಾರ ಏನು, ಅದಕ್ಕೆ ಗುಡ್ಡ ಯಾಕೆ ಬೇಕು ಅನ್ನೋದನ್ನು ಮೊದಲು ನೋಡೋಣ. ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ರಾಜ್ಯದಲ್ಲೇ.

ಯಾರಿಗೂ ತಾಗದೆ ಹೋಗುವ ಕಣ

ಸೂರ್ಯನ ಒಡಲಲ್ಲಿ ಹೈಡ್ರೋಜನ್ ಕೂಡಿ ಹೀಲಿಯಂ ಆಗುವಾಗ ನ್ಯೂಟ್ರಿನೊಗಳು ಹುಟ್ಟುತ್ತವೆ. ಭೂಮಿಯ ಹತ್ತಿರ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ, ಅಂದರೆ ಹೆಚ್ಚು ಕಡಿಮೆ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ, ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿ ಸೌರ ನ್ಯೂಟ್ರಿನೊಗಳು ಹಾದುಹೋಗುತ್ತವೆ. ಹಗಲಾದರೂ ಅಷ್ಟೇ, ರಾತ್ರಿಯಾದರೂ ಅಷ್ಟೇ. ರಾತ್ರಿ ಅವು ಭೂಮಿಯನ್ನು ತೂರಿಕೊಂಡು ನಮ್ಮ ಹಾಸಿಗೆಯ ಕೆಳಗಿನಿಂದ ಬರುತ್ತವೆ, ಅಷ್ಟೇ ವ್ಯತ್ಯಾಸ. ಕೈಗಾ ಅಣು ಸ್ಥಾವರದಿಂದಲೂ ಇವು ಹೊರಡುತ್ತವೆ. ಕಮಲಾಪುರದ ತೋಟದ ಬಾಳೆಹಣ್ಣಿನಿಂದಲೂ ಹೊರಡುತ್ತವೆ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನಿಂದಲೇ ಸೆಕೆಂಡಿಗೆ ಸಾವಿರಾರು ಹೊರಡುತ್ತವೆ.

ಇವು ಯಾವುದಕ್ಕೂ ಸುಲಭಕ್ಕೆ ತಾಗುವುದಿಲ್ಲ. ವಿದ್ಯುತ್ತಿನ ಆವೇಶ ಇಲ್ಲ, ಹಾಗಾಗಿ ಪರಮಾಣುಗಳು ಇವನ್ನು ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. 1930ರಲ್ಲಿ ವೋಲ್ಫ್‌ಗಾಂಗ್ ಪೌಲಿ ಇಂಥ ಕಣ ಇರಲೇಬೇಕು ಎಂದು ಕಾಗದದ ಮೇಲೆ ಊಹಿಸಿದ. ಅದನ್ನು ಪ್ರಯೋಗದಲ್ಲಿ ಖಚಿತವಾಗಿ ಹಿಡಿದದ್ದು 1956ರಲ್ಲಿ, ಅಮೆರಿಕದ ಫ್ರೆಡರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್, ಒಂದು ಅಣು ಸ್ಥಾವರದ ಪಕ್ಕದಲ್ಲಿ. ಇಪ್ಪತ್ತಾರು ವರ್ಷ ಬೇಕಾಯಿತು.

ಹಾಗಾಗಿ 'ನ್ಯೂಟ್ರಿನೊ ಸೋರಿಕೆಯಾಗಿ ಊರು ಹಾಳಾಗುತ್ತೆ' ಅನ್ನೋ ವಾಟ್ಸಾಪ್ ಮಾತಿಗೆ ಆಧಾರವಿಲ್ಲ. ತೇಣಿಯಲ್ಲಿ ಕಟ್ಟಬೇಕೆಂದಿದ್ದದ್ದು ಕಣಗಳನ್ನು ತಯಾರಿಸುವ ಯಂತ್ರವಲ್ಲ, ಹೇಗೂ ಬರುತ್ತಿರುವ ಕಣಗಳನ್ನು ಎಣಿಸುವ ಯಂತ್ರ. ಮಳೆಮಾಪಕ ಇಟ್ಟರೆ ಮಳೆ ಹೆಚ್ಚಾಗಲ್ಲ ಅಲ್ವಾ, ಹಾಗೆ.

ಕೋಲಾರದಲ್ಲಿ, ಏಳೂವರೆ ಸಾವಿರ ಅಡಿ ಕೆಳಗೆ

ಎಣಿಸುವುದಕ್ಕೆ ಗುಡ್ಡ ಅಥವಾ ಗಣಿ ಯಾಕೆ ಬೇಕು? ಸದ್ದು ಕಡಿಮೆ ಮಾಡೋಕೆ. ಆಕಾಶದಿಂದ ವಿಶ್ವಕಿರಣಗಳು ಬಂದು ಗಾಳಿಗೆ ಬಡಿದಾಗ ಮ್ಯೂಆನ್ ಎಂಬ ಕಣಗಳ ಮಳೆಯೇ ಸುರಿಯುತ್ತದೆ. ನೆಲದ ಮೇಲೆ ಉಪಕರಣ ಇಟ್ಟರೆ ಆ ಮಳೆಯಲ್ಲಿ ಅಪರೂಪದ ನ್ಯೂಟ್ರಿನೊ ಗುರುತು ಕೊಚ್ಚಿಹೋಗುತ್ತೆ. ಜಾತ್ರೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೋದ ಹಾಗೆ. ಮೇಲೆ ಒಂದೆರಡು ಕಿಲೋಮೀಟರ್ ಬಂಡೆ ಇದ್ದರೆ ಮ್ಯೂಆನ್‌ಗಳು ದಾರಿಯಲ್ಲೇ ನಿಂತುಬಿಡುತ್ತವೆ. ನ್ಯೂಟ್ರಿನೊಗಳಿಗೆ ಬಂಡೆ ಲೆಕ್ಕಕ್ಕಿಲ್ಲ, ಬರುತ್ತಲೇ ಇರುತ್ತವೆ.

ಭಾರತದಲ್ಲಿ ಅಷ್ಟು ಆಳದ ಜಾಗ ಎಂದರೆ ಕೋಲಾರ ಚಿನ್ನದ ಗಣಿ. 1951ರಲ್ಲಿ ಹೋಮಿ ಭಾಭಾ ಅವರ ಸೂಚನೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಯುವ ವಿಜ್ಞಾನಿಯೊಬ್ಬರು ಅಲ್ಲಿಗೆ ಇಳಿದರು. ಅವರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದವರು. ಆಳ ಹೆಚ್ಚಾದ ಹಾಗೆ ಮ್ಯೂಆನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುವುದು ಮೊದಲ ಕೆಲಸ. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಎರಡು ತಿಂಗಳಷ್ಟು ಕಾಲ ಉಪಕರಣ ಇಟ್ಟರೂ ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಬೇರೆಯವರಿಗೆ ಇದು ಬರಿಗೈ ಅನ್ನಿಸಬಹುದಿತ್ತು. ಇವರಿಗೆ ಅದೇ ಸುದ್ದಿ. ಇಷ್ಟು ನಿಶ್ಶಬ್ದವಾದ ಜಾಗದಲ್ಲಿ ಮ್ಯೂಆನ್ ಏನಾದರೂ ಕಂಡರೆ, ಅದು ಬಂಡೆಯೊಳಗೆ ನ್ಯೂಟ್ರಿನೊ ಬಡಿದು ಹುಟ್ಟಿದ್ದೇ ಆಗಿರಬೇಕು.

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 7,600 ಅಡಿ ಕೆಳಗೆ ಪ್ರಯೋಗ ನಡೆಸಿದವು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ಜಪಾನಿನ ಮಿಯಾಕೆ, ಇಂಗ್ಲೆಂಡಿನ ವುಲ್ಫೆಂಡೇಲ್ ಈ ತಂಡದಲ್ಲಿದ್ದರು. ಪಕ್ಕದಿಂದ, ಓರೆಯಾಗಿ ಬರುವ ಮ್ಯೂಆನ್‌ಗಳನ್ನು ಹಿಡಿಯಲು ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದ್ದರು. ಓರೆ ದಾರಿಯಲ್ಲಿ ಬಂಡೆಯ ದಪ್ಪ ಎಷ್ಟೋ ಪಟ್ಟು ಹೆಚ್ಚು, ಮಾಮೂಲಿ ಮ್ಯೂಆನ್ ಅಲ್ಲಿಂದ ಬರಲು ಸಾಧ್ಯವೇ ಇಲ್ಲ. 1965ರಲ್ಲಿ ಗುರುತುಗಳು ಸಿಕ್ಕವು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಬಗ್ಗೆ ಜಗತ್ತಿನಲ್ಲಿ ಮೊದಲು ಪ್ರಕಟವಾದ ವರದಿ ಕೋಲಾರದ್ದು, 1965ರ ಆಗಸ್ಟ್ 15ರ ಸಂಚಿಕೆಯಲ್ಲಿ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ರೈನ್ಸ್ ತಂಡ ಮೊದಲ ಗುರುತನ್ನು ಅದೇ ವರ್ಷದ ಫೆಬ್ರುವರಿಯಲ್ಲೇ ಕಂಡಿತ್ತು, ಅವರ ವರದಿ ಎರಡು ವಾರ ತಡವಾಗಿ ಬಂತು. ಗೌರವ ಎರಡೂ ಗಣಿಗಳಿಗೆ ಸಲ್ಲಬೇಕು.

ಆ ವಿಜ್ಞಾನಿಗಳನ್ನು ಅಷ್ಟು ಆಳಕ್ಕೆ ಇಳಿಸಿದ ಲಿಫ್ಟು, ಗಾಳಿ, ಕರೆಂಟು ಎಲ್ಲವೂ ಗಣಿ ಕಾರ್ಮಿಕರ ದುಡಿಮೆ. ಬಂಡೆಯ ಶಾಖದಲ್ಲಿ, ಬಂಡೆ ಸಿಡಿಯುವ ಭಯದಲ್ಲಿ ತಲೆಮಾರುಗಳ ಕಾಲ ಕೆಲಸ ಮಾಡಿದ ಆ ಜನ, ಹೆಚ್ಚಿನವರು ತಮಿಳು ಮಾತಾಡುವ ದಲಿತರು, ಪ್ರಬಂಧಗಳ ಲೇಖಕರ ಪಟ್ಟಿಯಲ್ಲಿ ಇರುವುದಿಲ್ಲ. ಆದರೆ ಅವರು ಕೊರೆದ ಆಳ ಇಲ್ಲದಿದ್ದರೆ ಆ ಪ್ರಬಂಧವೇ ಇರುತ್ತಿರಲಿಲ್ಲ.

ಮೂರರಲ್ಲಿ ಎರಡು ಪಾಲು ಎಲ್ಲಿ ಹೋಯಿತು?

ಅದೇ ದಶಕದ ಕೊನೆಗೆ ಅಮೆರಿಕದ ದಕ್ಷಿಣ ಡಕೋಟಾದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ರೇ ಡೇವಿಸ್ ಇನ್ನೊಂದು ಎಣಿಕೆ ಶುರು ಮಾಡಿದ್ದರು. ಡ್ರೈ ಕ್ಲೀನಿಂಗ್‌ಗೆ ಬಳಸುವ ದ್ರವವನ್ನು ಸುಮಾರು 3.8 ಲಕ್ಷ ಲೀಟರ್ ತುಂಬಿದ ಟ್ಯಾಂಕು ಅವರದು. ಸೂರ್ಯನ ಲೆಕ್ಕ ಹಾಕಿದರೆ ಇಷ್ಟು ನ್ಯೂಟ್ರಿನೊ ಸಿಗಬೇಕು ಅಂತ ಇತ್ತು. ಸಿಕ್ಕದ್ದು ಸುಮಾರು ಮೂರರಲ್ಲಿ ಒಂದು ಪಾಲು. ವರ್ಷಗಟ್ಟಲೆ ಎಣಿಸಿದರೂ ಅಷ್ಟೇ. ಕೆಲವರು ಡೇವಿಸ್ ಎಣಿಕೆ ತಪ್ಪು ಎಂದರು, ಕೆಲವರು ಸೂರ್ಯನ ಲೆಕ್ಕ ತಪ್ಪು ಎಂದರು.

ಎರಡೂ ಸರಿ ಇದ್ದವು. ಡೇವಿಸ್ ಟ್ಯಾಂಕಿಗೆ ಒಂದೇ ಬಗೆಯ ನ್ಯೂಟ್ರಿನೊ ಕಾಣುತ್ತಿತ್ತು. ನ್ಯೂಟ್ರಿನೊಗಳಲ್ಲಿ ಮೂರು ಬಗೆ: ಎಲೆಕ್ಟ್ರಾನ್ ನ್ಯೂಟ್ರಿನೊ, ಮ್ಯೂಆನ್ ನ್ಯೂಟ್ರಿನೊ, ಟೌ ನ್ಯೂಟ್ರಿನೊ. ಸೂರ್ಯನಲ್ಲಿ ಹುಟ್ಟುವುದೆಲ್ಲ ಎಲೆಕ್ಟ್ರಾನ್ ಬಗೆಯದು. ನಮ್ಮ ತನಕ ಬರುವಷ್ಟರಲ್ಲಿ ಬಹುಪಾಲು ಬೇರೆ ವೇಷ ಹಾಕಿರುತ್ತವೆ. ಕೆನಡಾದ ಸಡ್ಬರಿಯಲ್ಲಿ, ನಿಕ್ಕಲ್ ಗಣಿಯೊಳಗೆ 1,000 ಟನ್ ಭಾರಜಲ ಇಟ್ಟು ಮೂರೂ ಬಗೆಯನ್ನು ಒಟ್ಟಿಗೆ ಎಣಿಸಿದಾಗ, 2002ರ ಹೊತ್ತಿಗೆ ಲೆಕ್ಕ ಸರಿಹೋಯಿತು. ಯಾವುದೂ ಕಾಣೆಯಾಗಿರಲಿಲ್ಲ, ವೇಷ ಬದಲಾಗಿತ್ತು ಅಷ್ಟೇ.

ಅದಕ್ಕೂ ಮೊದಲು, 1998ರಲ್ಲಿ, ಜಪಾನಿನ ಸೂಪರ್-ಕಾಮಿಯೊಕಾಂಡೆ ಇನ್ನೊಂದು ದಾರಿಯಲ್ಲಿ ಇದನ್ನೇ ತೋರಿಸಿತ್ತು. ಅವರು ಎಣಿಸಿದ್ದು ಕೋಲಾರದಲ್ಲಿ ಮೊದಲು ಕಂಡ ಅದೇ ವಾತಾವರಣದ ನ್ಯೂಟ್ರಿನೊಗಳನ್ನು. ತಲೆಯ ಮೇಲಿನಿಂದ ಬರುವ ಮ್ಯೂಆನ್ ನ್ಯೂಟ್ರಿನೊ ಹದಿನೈದಿಪ್ಪತ್ತು ಕಿಲೋಮೀಟರ್ ಮಾತ್ರ ಓಡಿರುತ್ತದೆ. ಭೂಮಿಯ ಆಚೆ ಬದಿಯಲ್ಲಿ ಹುಟ್ಟಿ ಕೆಳಗಿನಿಂದ ಬರುವುದು ಸುಮಾರು 12,700 ಕಿಲೋಮೀಟರ್ ಓಡಿರುತ್ತದೆ. ವಾತಾವರಣ ಎಲ್ಲ ಕಡೆ ಒಂದೇ, ಭೂಮಿ ನ್ಯೂಟ್ರಿನೊಗಳನ್ನು ತಡೆಯಲ್ಲ. ಹಾಗಾಗಿ ಎರಡೂ ಕಡೆಯಿಂದ ಸಮ ಬರಬೇಕಿತ್ತು. ಕೆಳಗಿನಿಂದ ಬಂದದ್ದು ಸುಮಾರು ಅರ್ಧ. ದೂರ ಓಡಿದವು ವೇಷ ಬದಲಿಸಿದ್ದವು. ಈ ಎರಡು ಪ್ರಯೋಗಗಳ ಮುಂದಾಳುಗಳಾದ ತಕಾಕಿ ಕಜಿತ ಮತ್ತು ಆರ್ಥರ್ ಮೆಕ್‌ಡೊನಾಲ್ಡ್ 2015ರ ನೊಬೆಲ್ ಹಂಚಿಕೊಂಡರು.

ಶ್ರುತಿ ಸೇರದ ತಂಬೂರಿ

ವೇಷ ಬದಲಾದರೆ ಏನಂತೆ? ಇಲ್ಲೇ ಮುಖ್ಯ ವಿಷಯ ಇರೋದು. ವೇಷ ಬದಲಾಗಬೇಕಾದರೆ ನ್ಯೂಟ್ರಿನೊಗೆ ದ್ರವ್ಯರಾಶಿ, ಅಂದರೆ ಆಡುಮಾತಿನಲ್ಲಿ ತೂಕ, ಇರಲೇಬೇಕು. ಬರೀ ಇದ್ದರೆ ಸಾಲದು, ಒಂದಕ್ಕೊಂದು ವ್ಯತ್ಯಾಸವೂ ಇರಬೇಕು.

ತತ್ವಪದ ಹಾಡುವವರು ತಂಬೂರಿ ಶ್ರುತಿ ಮಾಡುವುದನ್ನು ನೀವು ನೋಡಿರುತ್ತೀರಿ. ಒಂದೇ ಸ್ವರಕ್ಕೆ ಸೇರಿಸಬೇಕಾದ ಎರಡು ತಂತಿಗಳಲ್ಲಿ ಒಂದು ಚೂರು ಸಡಿಲ ಇದ್ದರೆ, ಎರಡನ್ನೂ ಒಟ್ಟಿಗೆ ಮೀಟಿದಾಗ ನಾದ ಏರಿ ಇಳಿದು, ಏರಿ ಇಳಿದು ಅಲೆಅಲೆಯಾಗಿ ಕೇಳುತ್ತೆ. ವ್ಯತ್ಯಾಸ ಹೆಚ್ಚಿದ್ದರೆ ಅಲೆ ಬೇಗಬೇಗ, ಕಡಿಮೆ ಇದ್ದರೆ ನಿಧಾನ. ಬಿರಡೆ ತಿರುವುತ್ತಾ ಎರಡೂ ಒಂದಾದ ಕ್ಷಣ ಅಲೆ ನಿಲ್ಲುತ್ತೆ.

ನ್ಯೂಟ್ರಿನೊ ಹಾಗೇ. ನಾವು ಎಲೆಕ್ಟ್ರಾನ್, ಮ್ಯೂಆನ್, ಟೌ ಎಂದು ಕರೆಯುವ ಮೂರು ಬಗೆಗಳು ಒಂಟಿ ತಂತಿಗಳಲ್ಲ. ಪ್ರತಿಯೊಂದೂ ಮೂರು ತಂತಿಗಳ ಕೂಡುನಾದ. ಆ ತಂತಿಗಳನ್ನು ವಿಜ್ಞಾನಿಗಳು ದ್ರವ್ಯರಾಶಿ ಸ್ಥಿತಿಗಳು ಅಂತಾರೆ, ಒಂದನೆಯದು, ಎರಡನೆಯದು, ಮೂರನೆಯದು ಎಂದು ಹೆಸರಿಟ್ಟಿದ್ದಾರೆ. ಮ್ಯೂಆನ್ ನ್ಯೂಟ್ರಿನೊ ಹುಟ್ಟುವಾಗ ಈ ಮೂರೂ ಒಂದು ನಿರ್ದಿಷ್ಟ ಪ್ರಮಾಣದಲ್ಲಿ, ಒಂದೇ ಹೆಜ್ಜೆಯಲ್ಲಿ ಹೊರಡುತ್ತವೆ. ಮೂರರ ತೂಕ ಬೇರೆ ಬೇರೆ ಆದ್ದರಿಂದ ದಾರಿಯಲ್ಲಿ ಹೆಜ್ಜೆ ತಪ್ಪುತ್ತಾ ಹೋಗುತ್ತದೆ. ಸ್ವಲ್ಪ ದೂರದ ಮೇಲೆ ಅದೇ ಕೂಡುನಾದ ಟೌ ನ್ಯೂಟ್ರಿನೊದಂತೆ ಕೇಳುತ್ತೆ, ಇನ್ನೂ ಮುಂದೆ ಹೋದರೆ ಮತ್ತೆ ಮ್ಯೂಆನ್‌ನಂತೆ. ಈ ಏರಿಳಿತಕ್ಕೆ ನ್ಯೂಟ್ರಿನೊ ಆಂದೋಲನ ಎಂದು ಹೆಸರು. ಮೂರೂ ತಂತಿಗಳ ತೂಕ ಸಮ ಇದ್ದಿದ್ದರೆ, ಅಥವಾ ಮೂರೂ ಸೊನ್ನೆ ಆಗಿದ್ದರೆ, ಅಲೆಯೇ ಇರುತ್ತಿರಲಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. 100 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಮ್ಯೂಆನ್ ನ್ಯೂಟ್ರಿನೊ ಹೊರಟರೆ ಸುಮಾರು 500 ಕಿಲೋಮೀಟರ್ ಹೋಗುವಷ್ಟರಲ್ಲಿ ಬಹುಪಾಲು ಬೇರೆ ವೇಷದಲ್ಲಿರುತ್ತೆ. ಬೆಂಗಳೂರಿನಿಂದ ಕಲಬುರಗಿಗೆ ನೇರ ಗೆರೆ ಎಳೆದರೆ ಹೆಚ್ಚು ಕಡಿಮೆ ಅಷ್ಟು ದೂರ. ಇನ್ನೊಂದು 500 ಕಿಲೋಮೀಟರ್ ಹೋದರೆ ಮತ್ತೆ ಹೆಚ್ಚೂಕಡಿಮೆ ಮೊದಲಿನ ವೇಷ. ಶಕ್ತಿ ಎರಡು ಪಟ್ಟಾದರೆ ದೂರವೂ ಎರಡು ಪಟ್ಟು. ಶಕ್ತಿ ಎಷ್ಟು, ದೂರ ಎಷ್ಟು, ಎಷ್ಟು ಪಾಲು ಬದಲಾಯಿತು ಅಂತ ಅಳೆದರೆ, ಅಲೆಯ ವೇಗ ಸಿಗುತ್ತೆ. ಅಲೆಯ ವೇಗದಿಂದ ತಂತಿಗಳ ವ್ಯತ್ಯಾಸ ಸಿಗುತ್ತೆ.

ನೆಟ್ ಗೊತ್ತು, ಟೇರ್ ಗೊತ್ತಿಲ್ಲ

ಆದರೆ ಗಮನಿಸಿ. ಅಲೆಯನ್ನು ಕೇಳಿ ಎರಡು ತಂತಿಗಳಿಗೆ ಎಷ್ಟು ವ್ಯತ್ಯಾಸ ಎಂದು ಹೇಳಬಹುದು. ಯಾವ ಶ್ರುತಿಯಲ್ಲಿವೆ ಎಂದು ಅಲೆ ಹೇಳುವುದಿಲ್ಲ.

ನಮ್ಮ ಭಾಗದ ಲಾರಿ ಡ್ರೈವರುಗಳಿಗೆ ಇದನ್ನು ಬೇರೆ ಥರ ಹೇಳಬಹುದು. ವೇ ಬ್ರಿಡ್ಜಿನ ಚೀಟಿಯಲ್ಲಿ ಮೂರು ಸಾಲು ಇರುತ್ತೆ. ತುಂಬಿದ ಗಾಡಿಯ ತೂಕ ಗ್ರಾಸ್, ಖಾಲಿ ಗಾಡಿಯ ತೂಕ ಟೇರ್, ಎರಡರ ವ್ಯತ್ಯಾಸ ನೆಟ್. ನ್ಯೂಟ್ರಿನೊ ವಿಜ್ಞಾನಿಗಳ ಕೈಗೆ ಸಿಕ್ಕಿರೋದು ನೆಟ್ ಮಾತ್ರ ಇರುವ ಚೀಟಿ. ಇನ್ನೂ ನಿಖರವಾಗಿ ಹೇಳಬೇಕೆಂದರೆ, ತೂಕಗಳ ವರ್ಗಗಳ ವ್ಯತ್ಯಾಸ. ಅಂಥ ಎರಡು ಅಂಕಿಗಳಿವೆ. ಒಂದನೇ ಮತ್ತು ಎರಡನೇ ಸ್ಥಿತಿಗಳ ನಡುವೆ ಸುಮಾರು 0.000075. ಮೂರನೆಯದಕ್ಕೂ ಈ ಜೋಡಿಗೂ ನಡುವೆ ಸುಮಾರು 0.0025. ಅಳತೆಯ ಘಟಕ ಎಲೆಕ್ಟ್ರಾನ್ ವೋಲ್ಟ್‌ನ ವರ್ಗ. ಅಂದರೆ ಎರಡು ಲಾರಿಗಳು ಹೆಚ್ಚು ಕಡಿಮೆ ಒಂದೇ ತೂಕದವು, ಮೂರನೆಯದು ಅವುಗಳಿಂದ ದೂರ.

ಇಷ್ಟರಿಂದಲೇ ಕೆಲವು ಮಾತು ಖಚಿತವಾಗಿ ಹೇಳಬಹುದು. ಎರಡನೇ ಅಂಕಿಯ ವರ್ಗಮೂಲ ತೆಗೆದರೆ 0.05. ಹಾಗಾಗಿ ಮೂರರಲ್ಲಿ ಅತಿ ಭಾರದ್ದು ಕನಿಷ್ಠ 0.05 ಎಲೆಕ್ಟ್ರಾನ್ ವೋಲ್ಟ್ ಇರಲೇಬೇಕು. ಇತ್ತ ಗರಿಷ್ಠ ಎಷ್ಟಿರಬಹುದು ಎಂದು ಜರ್ಮನಿಯ ಕಾಟ್ರಿನ್ ಪ್ರಯೋಗ ನೇರವಾಗಿ ತೂಗಿ ನೋಡುತ್ತಿದೆ. 2025ರಲ್ಲಿ ಅದು ಹೇಳಿದ್ದು, 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ. ಎಲೆಕ್ಟ್ರಾನೇ ಹಗುರ ಎಂದುಕೊಂಡಿದ್ದೆವು. ಅದರ ತೂಕ 5.11 ಲಕ್ಷ ಎಲೆಕ್ಟ್ರಾನ್ ವೋಲ್ಟ್, ನ್ಯೂಟ್ರಿನೊಗಿಂತ ಕಡಿಮೆ ಎಂದರೂ ಹನ್ನೊಂದು ಲಕ್ಷ ಪಟ್ಟು. ಇಷ್ಟು ದೊಡ್ಡ ಅಂತರ ಯಾಕೆ ಅನ್ನೋದಕ್ಕೆ ಈಗಿರುವ ಸಿದ್ಧಾಂತದಲ್ಲಿ ಉತ್ತರ ಇಲ್ಲ. ಆ ಸಿದ್ಧಾಂತ ಮೊದಲು ಬರೆದಾಗ ನ್ಯೂಟ್ರಿನೊ ತೂಕ ಸೊನ್ನೆ ಎಂದೇ ಇಟ್ಟುಕೊಂಡಿತ್ತು.

ಇನ್ನೊಂದು ಪ್ರಶ್ನೆ ಇನ್ನೂ ತೆರೆದಿದೆ. ದೂರ ನಿಂತ ಆ ಮೂರನೇ ಲಾರಿ ಜೋಡಿಗಿಂತ ಭಾರವೋ, ಹಗುರವೋ? ಜೋಡಿಯಲ್ಲಿ ಎರಡನೆಯದು ಒಂದನೆಯದಕ್ಕಿಂತ ಭಾರ ಅನ್ನೋದು ಗೊತ್ತಾಗಿದೆ. ಸೂರ್ಯನೊಳಗಿನ ದಟ್ಟ ದ್ರವ್ಯದಲ್ಲಿ ಹಾದು ಬರುವಾಗ ಆಗುವ ಬದಲಾವಣೆ ಅದನ್ನು ತೋರಿಸಿಕೊಟ್ಟಿತು. ಮೂರನೆಯದರ ಜಾಗ ಗೊತ್ತಿಲ್ಲ. ಮೂರನೆಯದು ಭಾರವಾಗಿದ್ದರೆ ಅದನ್ನು ಸಹಜ ಕ್ರಮ ಅಂತಾರೆ, ಹಗುರವಾಗಿದ್ದರೆ ತಲೆಕೆಳಗಾದ ಕ್ರಮ.

ಕಬ್ಬಿಣಕ್ಕೂ ಇದಕ್ಕೂ ಏನು ಸಂಬಂಧ?

ತೇಣಿಯ ಯೋಜನೆ ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರ ಹುಡುಕೋಕೆ. ಭೂಮಿಯನ್ನು ತೂರಿ ಬರುವ ನ್ಯೂಟ್ರಿನೊಗಳ ಅಲೆಯನ್ನು ಭೂಮಿಯ ದ್ರವ್ಯ ಸ್ವಲ್ಪ ಬದಲಿಸುತ್ತೆ. ಸಹಜ ಕ್ರಮ ಆಗಿದ್ದರೆ ಆ ಪರಿಣಾಮ ನ್ಯೂಟ್ರಿನೊಗಳಲ್ಲಿ ಎದ್ದು ಕಾಣುತ್ತೆ. ತಲೆಕೆಳಗಾದ ಕ್ರಮ ಆಗಿದ್ದರೆ ಅವುಗಳ ಪ್ರತಿರೂಪವಾದ ಪ್ರತಿನ್ಯೂಟ್ರಿನೊಗಳಲ್ಲಿ. ಹಾಗಾದರೆ ಬಂದದ್ದು ನ್ಯೂಟ್ರಿನೊನೋ ಪ್ರತಿನ್ಯೂಟ್ರಿನೊನೋ ಎಂದು ಬೇರೆ ಮಾಡಬೇಕು. ಮೊದಲನೆಯದು ಬಡಿದರೆ ಋಣ ಆವೇಶದ ಮ್ಯೂಆನ್ ಹುಟ್ಟುತ್ತೆ, ಎರಡನೆಯದು ಬಡಿದರೆ ಧನ ಆವೇಶದ್ದು. ಕಾಂತಕ್ಷೇತ್ರದಲ್ಲಿ ಒಂದು ಈ ಕಡೆ ಬಾಗುತ್ತೆ, ಇನ್ನೊಂದು ಆ ಕಡೆ.

ಅದಕ್ಕೇ ಕಬ್ಬಿಣ. ಬಡಿಸಿಕೊಳ್ಳುವ ಭಾರವೂ ಅದೇ, ಕಾಂತವೂ ಅದೇ. ಸುಮಾರು 5.6 ಸೆಂಟಿಮೀಟರ್ ದಪ್ಪದ ಕಬ್ಬಿಣದ ತಟ್ಟೆಗಳನ್ನು ಸುಮಾರು 150 ಪದರಗಳಲ್ಲಿ ಜೋಡಿಸಿ, ನಡುವೆ ಗಾಜಿನ ಪತ್ತೆ ಹಲಗೆಗಳನ್ನು ಇಡುವುದು ವಿನ್ಯಾಸ. ಒಟ್ಟು 50,000 ಟನ್. ನಮ್ಮ ಸ್ಟೇಷನ್ ಮುಂದೆ ಹಾದುಹೋಗುವ ಅದಿರಿನ ಗೂಡ್ಸ್ ಗಾಡಿಗಳ ಲೆಕ್ಕದಲ್ಲಿ ಹದಿಮೂರು ಹದಿನಾಲ್ಕು ರೇಕು. ವರ್ಷಕ್ಕೆ 1.2 ಕೋಟಿ ಟನ್‌ಗೂ ಹೆಚ್ಚು ಸಾಮರ್ಥ್ಯದ ತೋರಣಗಲ್ಲಿನ ಕಾರ್ಖಾನೆಗೆ ಒಂದೂವರೆ ದಿನದ ಕೆಲಸ. ಈ ವಿನ್ಯಾಸ ಹೊಸದೇನಲ್ಲ. 1980ರಲ್ಲಿ ಕೋಲಾರದ ಗಣಿಯೊಳಗೆ ಕಬ್ಬಿಣದ ತಟ್ಟೆಗಳ 140 ಟನ್‌ನ ಉಪಕರಣ ಇಟ್ಟಿದ್ದರು, ಪ್ರೋಟಾನ್ ಒಡೆಯುತ್ತದೆಯೇ ಎಂದು ನೋಡಲು. ಈಗ ಮಧುರೈನಲ್ಲಿ 85 ಟನ್‌ನ ಕಿರು ಮಾದರಿಯೊಂದಿದೆ.

ಗಾತ್ರವೇ ಇಲ್ಲಿ ಎಲ್ಲ. ಜಪಾನಿನ ಕಾಮಿಯೊಕಾಂಡೆ ಕೂಡ 1983ರಲ್ಲಿ ಶುರುವಾದದ್ದು ಪ್ರೋಟಾನ್ ಒಡೆಯುವುದನ್ನು ನೋಡಲು. ಅವರದು 3,000 ಟನ್ ನೀರು. ಪ್ರೋಟಾನ್ ಎರಡೂ ಕಡೆ ಒಡೆಯಲಿಲ್ಲ. ಆದರೆ ಅವರ ದೊಡ್ಡ ಟ್ಯಾಂಕಿಗೆ 1987ರ ಫೆಬ್ರುವರಿ 23ರಂದು ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು ಸಿಕ್ಕವು. ಆಮೇಲೆ ಅವರು ಕಟ್ಟಿದ್ದು 50,000 ಟನ್‌ನ ಟ್ಯಾಂಕು. ಕೋಲಾರ ಮೊದಲು ಕಂಡಿತು, ಕಾಮಿಯೊಕಾ ಸಾಕಷ್ಟು ಕಂಡಿತು. ಬೆರಳೆಣಿಕೆಯ ಗುರುತುಗಳಿಂದ ಕಣ ಇದೆ ಎಂದು ಹೇಳಬಹುದು, ಅದು ವೇಷ ಬದಲಿಸಿತು ಎಂದು ಹೇಳಲು ಸಾವಿರಾರು ಬೇಕು.

ಮೂರು ಗಣಿ, ಮೂರು ದಾರಿ

ಕೋಲಾರದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಪಂಪು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಉಳಿದದ್ದು ಕೆಲಸ ಕಳೆದುಕೊಂಡ ಊರು, ಗಾಳಿಗೆ ಧೂಳೆಬ್ಬಿಸುವ ಸೈನೈಡ್ ದಿಬ್ಬಗಳು.

ಡೇವಿಸ್ ಎಣಿಸುತ್ತಿದ್ದ ಹೋಮ್‌ಸ್ಟೇಕ್ ಚಿನ್ನದ ಗಣಿ ಮುಚ್ಚಿದ್ದು ಮರುವರ್ಷವೇ, 2002ರಲ್ಲಿ. ಅಲ್ಲೂ ಪಂಪು ನಿಲ್ಲಿಸಿದರು, ಅಲ್ಲೂ ನೀರು ತುಂಬಿತು. ಆದರೆ 2006ರಲ್ಲಿ ದಕ್ಷಿಣ ಡಕೋಟಾ ರಾಜ್ಯ ಆ ಗಣಿಯನ್ನು ತೆಗೆದುಕೊಂಡು, ಮತ್ತೆ ಪಂಪು ಹಾಕಿಸಿ, ಪ್ರಯೋಗಾಲಯ ಮಾಡಿತು. ಈಗ 1,300 ಕಿಲೋಮೀಟರ್ ದೂರದ ಫರ್ಮಿಲ್ಯಾಬ್‌ನಿಂದ ಅಲ್ಲಿಗೆ ನ್ಯೂಟ್ರಿನೊ ಕಿರಣ ಕಳಿಸುವ 'ಡ್ಯೂನ್' ಪ್ರಯೋಗಕ್ಕೆ ಗುಹೆಗಳು ಸಿದ್ಧವಾಗಿವೆ. ಫರ್ಮಿಲ್ಯಾಬ್‌ನ ಯಂತ್ರಕ್ಕೆ ಉಪಕರಣ ಮಾಡಿಕೊಡುವವರಲ್ಲಿ ನಮ್ಮ ಅಣುಶಕ್ತಿ ಇಲಾಖೆಯ ಸಂಸ್ಥೆಗಳೂ ಇವೆ. ಚೀನಾದ 'ಜುನೊ' ಇನ್ನೂ ಮುಂದೆ ಹೋಗಿದೆ. ಅಣು ಸ್ಥಾವರಗಳಿಂದ 53 ಕಿಲೋಮೀಟರ್ ದೂರದಲ್ಲಿ, ಹೊಸಪೇಟೆಗೂ ಬಳ್ಳಾರಿಗೂ ಹೆಚ್ಚು ಕಡಿಮೆ ಅಷ್ಟು ದೂರ, ನೆಲದ ಕೆಳಗೆ 20,000 ಟನ್ ದ್ರವ ಇಟ್ಟು 2025ರ ಆಗಸ್ಟ್‌ನಲ್ಲಿ ಎಣಿಕೆ ಶುರು ಮಾಡಿತು. ಮೊದಲ 59 ದಿನಗಳ ದತ್ತಾಂಶದಲ್ಲೇ, ನಾನು ಮೇಲೆ ಹೇಳಿದ ಚಿಕ್ಕ ವ್ಯತ್ಯಾಸದ ಅಂಕಿಯನ್ನು ಹಿಂದಿನ ಎಲ್ಲ ಪ್ರಯೋಗಗಳಿಗಿಂತ ನಿಖರವಾಗಿ ಅಳೆಯಿತು. ಕ್ರಮ ಯಾವುದು ಅನ್ನೋದಕ್ಕೆ ಅವರಿಗೂ ಇನ್ನೂ ಕೆಲವು ವರ್ಷ ಬೇಕು.

ನಾವು? 2009ರಲ್ಲಿ ನೀಲಗಿರಿಯ ಸಿಂಗಾರದಲ್ಲಿ ಜಾಗ ಕೇಳಿದಾಗ ಹುಲಿ ಮೀಸಲು ಪ್ರದೇಶ ಹತ್ತಿರವೆಂದು ಕೇಂದ್ರ ಪರಿಸರ ಸಚಿವಾಲಯವೇ ಬೇಡ ಎಂದಿತು. ಪೊಟ್ಟಿಪುರಂಗೆ ಕೊಟ್ಟ ಪರಿಸರ ಅನುಮತಿಯನ್ನು 2017ರಲ್ಲಿ ಹಸಿರು ನ್ಯಾಯಮಂಡಳಿ ತಡೆಹಿಡಿಯಿತು. ಕೇರಳದ ರಾಷ್ಟ್ರೀಯ ಉದ್ಯಾನವೊಂದು ಐದು ಕಿಲೋಮೀಟರ್ ಒಳಗಿತ್ತು, ಪರಿಶೀಲನೆ ಅದಕ್ಕೆ ತಕ್ಕಂತೆ ನಡೆದಿರಲಿಲ್ಲ. 2018ರಲ್ಲಿ ಸಚಿವಾಲಯ ಮತ್ತೆ ಅನುಮತಿ ಕೊಟ್ಟಿತು. 2022ರಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ, ಅದು ಹುಲಿಗಳ ಓಡಾಟದ ದಾರಿ, ಯೋಜನೆ ಬೇಡ ಎಂದು ಹೇಳಿತು.

ಇದನ್ನು 'ಜನರ ಅಜ್ಞಾನದಿಂದ ವಿಜ್ಞಾನಕ್ಕೆ ಸೋಲು' ಎಂದು ಬರೆಯುವವರ ಜೊತೆ ನಾನು ಒಪ್ಪಲಾರೆ. ಸುರಂಗ ಕೊರೆದರೆ ಲಕ್ಷಾಂತರ ಟನ್ ಕಲ್ಲು ಹೊರಗೆ ಬರುತ್ತೆ. ಸ್ಫೋಟಕ, ಲಾರಿ, ಧೂಳು, ಅಂತರ್ಜಲ, ಕಾಡಿನ ದಾರಿ ಎಲ್ಲವೂ ನಿಜವಾದ ಪ್ರಶ್ನೆಗಳು. ಅವಕ್ಕೆ 'ನ್ಯೂಟ್ರಿನೊ ನಿರುಪದ್ರವಿ' ಅನ್ನೋದು ಉತ್ತರವಲ್ಲ. ಕಣ ನಿರುಪದ್ರವಿ ಇರಬಹುದು, ಟಿಪ್ಪರ್ ಲಾರಿ ಅಲ್ಲ.

ಇಲ್ಲಿ ಕಾಮಿಯೊಕಾದ ಇನ್ನೊಂದು ಮುಖವನ್ನು ಹೇಳಲೇಬೇಕು. ಸೂಪರ್-ಕಾಮಿಯೊಕಾಂಡೆ ಇರುವ ಆ ಸತುವಿನ ಗಣಿ ಪ್ರದೇಶದಿಂದ ಜಿನ್‌ಜು ನದಿಗೆ ಹರಿದ ಕ್ಯಾಡ್ಮಿಯಂ ಕೆಳಗಿನ ಹಳ್ಳಿಗಳ ಜನರ ಮೂಳೆಗಳನ್ನೇ ತಿಂದಿತ್ತು. ರೋಗಿಗಳು ನೋವಿನಿಂದ ಕೂಗುತ್ತಿದ್ದ 'ಇತಾಯ್ ಇತಾಯ್' ಎಂಬ ಮಾತೇ ಕಾಯಿಲೆಯ ಹೆಸರಾಯಿತು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದಿಂದ ಬಂದ ರೋಗ ಎಂದು ಒಪ್ಪಿತು. 1972ರಲ್ಲಿ ಮೇಲ್ಮನವಿಯಲ್ಲೂ ಗೆದ್ದ ಜನ, ಪರಿಹಾರಕ್ಕೆ ನಿಲ್ಲಲಿಲ್ಲ. ಪರಿಣತರನ್ನು ಕರೆದುಕೊಂಡು ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನೂ, ಅದರ ಖರ್ಚನ್ನು ಕಂಪನಿಯೇ ಕೊಡಬೇಕು ಅನ್ನೋ ಷರತ್ತನ್ನೂ ಬರೆಸಿಕೊಂಡರು. ವರ್ಷ ವರ್ಷವೂ ಆ ತಪಾಸಣೆ ನಡೆಯಿತು. ನೊಬೆಲ್ ತಂದ ಎಣಿಕೆ ನಡೆದ ಗುಡ್ಡದಲ್ಲೇ, ಊರವರ ಎಣಿಕೆಯೂ ನಡೆದಿತ್ತು.

ಕೇಳಬೇಕಾದ್ದು

ಹಾಗಾಗಿ, ನಾಳೆ ಕರ್ನಾಟಕದ ಯಾವುದಾದರೂ ಗುಡ್ಡಕ್ಕೆ ಅಥವಾ ಹಳೇ ಗಣಿಗೆ ಇಂಥದೊಂದು ಪ್ರಸ್ತಾವ ಬಂದರೆ ನನ್ನ ನಿಲುವು ಇದು. ಪ್ರಯೋಗ ಬೇಕು. ಮೂರು ತಂತಿಗಳ ತೂಕ ಎಷ್ಟು, ಯಾವುದರ ಮೇಲೆ ಯಾವುದು ಅನ್ನೋದು ಬರೀ ಪುಸ್ತಕದ ಪ್ರಶ್ನೆಯಲ್ಲ. ಈ ಜಗತ್ತು ಯಾವ ಲೆಕ್ಕದಲ್ಲಿ ನಿಂತಿದೆ ಎಂದು ತಿಳಿಯುವ ಕೆಲವೇ ಬಾಗಿಲುಗಳಲ್ಲಿ ಅದೂ ಒಂದು, ಮತ್ತು ಆ ಬಾಗಿಲನ್ನು ಮೊದಲು ತಟ್ಟಿದವರಲ್ಲಿ ನಾವೂ ಇದ್ದೆವು. ಆದರೆ ಯಂತ್ರದ ನಕ್ಷೆಗಿಂತ ಮೊದಲು ಊರಿಗೆ ಬರಬೇಕಾದ ಕಾಗದಗಳು ಬೇರೆ ಇವೆ. ಎಷ್ಟು ಕಲ್ಲು ತೆಗೆಯುತ್ತೀರಿ, ಎಲ್ಲಿ ಸುರಿಯುತ್ತೀರಿ? ಬೋರ್‌ವೆಲ್‌ಗಳ ನೀರಿನ ಮಟ್ಟವನ್ನು ಮೊದಲು ಅಳೆದಿದ್ದೀರಾ, ಆಮೇಲೆ ಯಾರು ಅಳೆಯುತ್ತಾರೆ? ದಿನಕ್ಕೆ ಎಷ್ಟು ಲಾರಿ, ಯಾವ ರಸ್ತೆಯಲ್ಲಿ? ಊರವರು ಒಳಗೆ ಬಂದು ನೋಡಬಹುದಾ, ಅವರು ಕರೆತರುವ ಪರಿಣತರ ಖರ್ಚು ಯಾರದು? ಉತ್ತರಗಳು ಕನ್ನಡದಲ್ಲಿ, ಗ್ರಾಮಸಭೆಯ ಮುಂದೆ, ಸಹಿ ಹಾಕಿದ ಕಾಗದದಲ್ಲಿ ಇರಬೇಕು.

ನ್ಯೂಟ್ರಿನೊ ಬಗ್ಗೆ ಕೇಳುವವರಿಗೂ ಒಂದು ಮಾತು. ಅದು ಮೈಯೊಳಗೆ ಹೋಗುತ್ತಾ ಎಂದು ಕೇಳಿದರೆ, ಹೋಗುತ್ತೆ, ಈಗಲೂ ಹೋಗುತ್ತಿದೆ, ಪ್ರಯೋಗಾಲಯ ಇದ್ದರೂ ಇಲ್ಲದಿದ್ದರೂ ಹೋಗುತ್ತೆ. ಅದಕ್ಕೆ ಹೆದರಿ ಶಕ್ತಿ ಕಳೆಯುವುದು ಬೇಡ. ಆ ಶಕ್ತಿಯನ್ನು ಲಾರಿ ಲೆಕ್ಕ ಕೇಳೋಕೆ ಉಳಿಸಿಕೊಳ್ಳೋಣ. ನಮ್ಮ ಕಡೆಯ ಅನುಭವ ಹೇಳೋದು ಇಷ್ಟೇ: ಕೊರೆಯುವ ಮೊದಲು ಕೇಳಿದ ಲೆಕ್ಕ ಸಿಗುತ್ತೆ, ಕೊರೆದ ಮೇಲೆ ಕೇಳಿದ್ದಕ್ಕೆ ಸಿಗೋದು ಆಯೋಗದ ವರದಿ.